ಪ್ರಮಿಳಾ ಮುದ್ರೆ ಒತ್ತದ ತಟ್ಟೆ

ಕೆಲಸಕ್ಕೆ ಸೇರಿದ ಮೊದಲ ವಾರವೇ ಪ್ರಮಿಳಾ ಮಾಲೀಕರ ಎದುರು ನಿಲ್ಲಬೇಕಾಯಿತು. ಆಗ ಅವಳಿಗೆ ಇಪ್ಪತ್ತೊಂದು. ಐಟಿಐಯಲ್ಲಿ ಟರ್ನರ್ ಕಲಿತಿದ್ದಳು, ಆ ವರ್ಗದಲ್ಲಿ ಅವಳೊಬ್ಬಳೇ ಹುಡುಗಿ. ಆದರೆ ಬೆಳಗಾವಿಯ ಉದ್ಯಮಬಾಗದ ಆ ವರ್ಕ್‌ಶಾಪಿನಲ್ಲಿ ಅವಳನ್ನು ಲೋಹ ಕಡೆಯುವ ಲೇಥಿನ ಹತ್ತಿರ ಬಿಟ್ಟಿರಲಿಲ್ಲ. ತಯಾರಾದ ಸಾಮಾನನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ತುಂಬುವ ಕೆಲಸಕ್ಕೆ ಕೂರಿಸಿದ್ದರು. ಅಂದು ಇನ್ನೂರು ಬಿಡಿಭಾಗಗಳಲ್ಲಿ ಮೂರನ್ನು ಅವಳು ಸುತ್ತದೆ ಪಕ್ಕಕ್ಕೆ ಇಟ್ಟಿದ್ದಳು.

"ಇವು ಯಾಕ ಹೊರಗದಾವ?" ಎಂದು ಮಾಲೀಕ ಅವಧೂತ ಕೇಳಿದರು.

"ಒಳಗ ಚುಚ್ಚತಾವ್ರಿ."

ಅವಧೂತರು ಅವುಗಳ ನಡುವಿನ ತೂತಿನಲ್ಲಿ ಇಣುಕಿ ನೋಡಿದರು. ಏನೂ ಕಾಣಲಿಲ್ಲ. ಭೂತಗನ್ನಡಿ ತರಿಸಿ ನೋಡಿದಾಗ ಮೂರರಲ್ಲೂ ಒಳಅಂಚಿಗೆ ಕೂದಲಿಗಿಂತ ಸಣ್ಣ ಲೋಹದ ಮುಳ್ಳು ಅಂಟಿಕೊಂಡಿತ್ತು. ಲೋಹ ಕೊರೆಯುವಾಗ ಹೀಗೆ ಉಳಿಯುವ ಮುಳ್ಳಿಗೆ ವರ್ಕ್‌ಶಾಪಿನವರು ಬರ್ ಎನ್ನುತ್ತಾರೆ. ಕಣ್ಣಿಗೆ ಕಾಣದ್ದು ಅವಳ ಕಿರುಬೆರಳಿಗೆ ಸಿಕ್ಕಿತ್ತು.

ಅವಳ ತಂದೆ ಸಾತಪ್ಪ ಖಾನಾಪುರದಾಚೆಯ ಗುಂಜಿಯಲ್ಲಿ ಎಮ್ಮೆ ಸಾಕಿದವನು. ಕಾಡಿನ ಅಂಚಿನಲ್ಲಿ ಮೇಯ್ದು ಬಂದ ಎಮ್ಮೆಗಳ ಕಿವಿಯೊಳಗಿನ ಉಣ್ಣಿ ಹುಡುಕಿ ತೆಗೆಯುವುದು ಶಾಲೆ ಮುಗಿಸಿ ಬಂದ ಪ್ರಮಿಳಾಳ ದಿನದ ಕೆಲಸವಾಗಿತ್ತು. ಕತ್ತಲ ಕೊಟ್ಟಿಗೆಯಲ್ಲಿ ಬೆರಳೇ ಕಣ್ಣು. ಮಾಲೀಕರು ಕೇಳಿದಾಗ ಅವಳು ಇದನ್ನೇ ಹೇಳಿದಳು. ಅವಧೂತರು ನಕ್ಕರು. ಮರುದಿನದಿಂದ ಅವಳನ್ನು ಅಳತೆಯ ಕೋಣೆಗೆ ಹಾಕಿದರು.

ಆ ಕೋಣೆಯಲ್ಲೇ ಅವಳಿಗೆ ಗುರುಪುತ್ರಪ್ಪನವರ ಪರಿಚಯವಾದದ್ದು. ಕಾಕತಿ ಊರಿನವರು, ಸರ್ಕಾರದ ಬಾಹ್ಯಾಕಾಶ ಕೇಂದ್ರದಲ್ಲಿ ತಪಾಸಣಾಧಿಕಾರಿ. ಅವಧೂತರ ವರ್ಕ್‌ಶಾಪು ಸರ್ಕಾರದ ರಾಕೆಟ್ಟಿಗೆ ಒಂದು ಸಣ್ಣ ಕವಾಟದ, ಅಂದರೆ ವಾಲ್ವಿನ, ಭಾಗ ಮಾಡಿಕೊಡುತ್ತಿತ್ತು. ವರ್ಷಕ್ಕೆ ಎರಡು ಸಲ ಗುರುಪುತ್ರಪ್ಪ ಬಂದು, ಒಂದೊಂದನ್ನೂ ಅಳೆದು, ಒಪ್ಪಿದ್ದಕ್ಕೆ ಮುದ್ರೆ ಒತ್ತುತ್ತಿದ್ದರು. ಒಪ್ಪದ್ದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಾವೇ ಜಜ್ಜುತ್ತಿದ್ದರು. ತಪ್ಪಿ ಕೂಡ ಅದು ಒಳ್ಳೆಯದರ ಜೊತೆ ಸೇರಬಾರದೆಂದು. "ಬರೀದ ಇದ್ದದ್ದು ಆಗಿಲ್ಲಂತ ತಿಳಕೋ" ಎನ್ನುವುದು ಅವರ ಮೊದಲ ಪಾಠ. ಪ್ರಮಿಳಾ ಅಳತೆಯನ್ನಷ್ಟೇ ಬರೆಯದೆ ಆ ದಿನದ ಸೆಖೆ, ಡ್ರಿಲ್ಲು ಬದಲಿಸಿದ ವೇಳೆ, ಮನಸ್ಸಿಗೆ ಬಂದ ಅನುಮಾನ ಎಲ್ಲವನ್ನೂ ಬರೆಯತೊಡಗಿದಳು.

ಒಮ್ಮೆ ಅವಳಿಗೆ ಆ ಕವಾಟದ ಒಂದು ಅಂಚನ್ನು ಸ್ವಲ್ಪ ಓರೆ ಮಾಡಿದರೆ ಒಳ್ಳೆಯದು ಅನಿಸಿತು. ಗುರುಪುತ್ರಪ್ಪ ಅದನ್ನು ತಮ್ಮ ಕೇಂದ್ರಕ್ಕೆ ಬರೆದು ಕಳಿಸಿದರು. ಉತ್ತರ ಬರಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಪ್ರಮಿಳಾಳ ಮದುವೆಯಾಗಿ, ಖಾನಾಪುರದಲ್ಲಿ ಸಂಸಾರ ಹೂಡಿ, ಮಗಳು ಹುಟ್ಟಿ ನಡೆಯಲು ಕಲಿತಿದ್ದಳು. ಆದರೆ ಬದಲಾವಣೆ ಒಪ್ಪಿ ಬಂದ ಪತ್ರದಲ್ಲಿ ಐವರು ವಿಜ್ಞಾನಿಗಳ ಸಹಿಯ ಕೆಳಗೆ "ಸಲಹೆ: ಶ್ರೀಮತಿ ಪ್ರಮಿಳಾ" ಎಂದು ಅಚ್ಚಾಗಿತ್ತು. ಗಂಡ ಸಂಜಯ ವಿದ್ಯುತ್ ಇಲಾಖೆಯ ಲೈನ್‌ಮನ್. ಅವನು ಆ ಪತ್ರಕ್ಕೆ ಗಾಜು ಹಾಕಿಸಿ, ದೇವರ ಫೋಟೋಗಳ ಪಕ್ಕದಲ್ಲೇ ಮೊಳೆ ಹೊಡೆದ.

ಶುಭದಾ ವರ್ಕ್‌ಶಾಪಿಗೆ ಬಂದದ್ದು ಇದಾಗಿ ಏಳು ವರ್ಷಕ್ಕೆ, ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ. ಬಾಹ್ಯಾಕಾಶದ ಬಾಗಿಲನ್ನು ಸರ್ಕಾರ ಖಾಸಗಿಯವರಿಗೆ ತೆರೆದು ನಾಲ್ಕು ವರ್ಷವಾಗಿತ್ತು. ಶುಭದಾ ಬೆಳಗಾವಿಯ ಟಿಳಕವಾಡಿಯ ಹುಡುಗಿ, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಇಪ್ಪತ್ತೇಳು ವಯಸ್ಸಿಗೆ ಪುಣೆಯ 'ಗಗನವೇಧ' ಎಂಬ ಖಾಸಗಿ ಕಂಪನಿಯಲ್ಲಿ ರಾಕೆಟ್ ಇಂಜಿನ್ನಿನ ಉಸ್ತುವಾರಿ. ಮನೆಯಿಂದ ಮಳೆಯಲ್ಲಿ ಸ್ಕೂಟರಿನ ಮೇಲೆ ಬಂದವಳು ರೇನ್‌ಕೋಟನ್ನೂ ತೆಗೆಯದೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು.

ತೆರೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಲೋಹದ ಬಿಲ್ಲೆ ಇತ್ತು. ಅದರ ತುಂಬ ಇನ್ನೂರಾ ಹದಿನಾರು ತೂತು. ಒಂದೊಂದೂ ದಬ್ಬಳದ ಮೊನೆಯಷ್ಟು ಸಣ್ಣದು, ಒಂದೊಂದೂ ಓರೆಯಾಗಿ ಕೊರೆದದ್ದು. ಒಂದು ತೂತಿನಿಂದ ಸೀಮೆಎಣ್ಣೆ ಚಿಮ್ಮಬೇಕು, ಜೋಡಿ ತೂತಿನಿಂದ ದ್ರವ ಆಮ್ಲಜನಕ. ಎರಡೂ ಇಂಜಿನ್ನಿನೊಳಗೆ ಒಂದನ್ನೊಂದು ಹೊಡೆದು ಮಂಜಾಗಿ ಉರಿಯಬೇಕು. ಒಂದು ಧಾರೆ ದಾರಿ ತಪ್ಪಿದರೂ ಬೆಂಕಿ ಇಂಜಿನ್ನಿನ ಗೋಡೆಯನ್ನೇ ನೆಕ್ಕುತ್ತದೆ.

"ಇಂಥಾವು ಎಂಟು ಬೇಕ್ರಿ ಸಾಹೇಬ್ರ. ಐದು ವಾರದಾಗ" ಎಂದಳು ಶುಭದಾ.

ಗುರುಪುತ್ರಪ್ಪ ಆ ಹೊತ್ತಿಗೆ ನಿವೃತ್ತರಾಗಿ ಕಾಕತಿಗೆ ಮರಳಿದ್ದರು. ವಾರಕ್ಕೆ ಮೂರು ದಿನ ಸಲಹೆಗಾರರಾಗಿ ವರ್ಕ್‌ಶಾಪಿಗೆ ಬರುತ್ತಿದ್ದರು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟರು.

"ಐದು ವಾರ? ನಮ್ಮ ಕಡೆ ಐದು ವಾರದಾಗ ಫೈಲಿಗೆ ದಾರಾನೂ ಕಟ್ಟತಿರಲಿಲ್ಲವ್ವಾ."

"ಅದಕ್ಕ ನಮ್ಮಂಥಾವ್ರು ಹುಟ್ಟೀವ್ರಿ ಸರ್" ಎಂದು ಶುಭದಾ ನಕ್ಕಳು.

"ನಗಬ್ಯಾಡ. ಆ ದಾರಾ ಸುಮ್ನ ಕಟ್ಟತಿರಲಿಲ್ಲ. ರಾಕೆಟ್ ಸಮುದ್ರಕ್ಕ ಬಿದ್ದಾಗ ಊರ ಮಂದಿ ನಕ್ಕಾರ, ಪೇಪರಿನಾಗ ಚಿತ್ರ ಬರದ ನಕ್ಕಾರ. ಯಾವ ಕಂಪನಿ ಬಂದಿತ್ತು ಆವಾಗ? ಸರ್ಕಾರ ಒಂದಽ ಇತ್ತು. ಬಿದ್ದದ್ದು ಯಾಕ ಬಿತ್ತು ಅಂತ ಬರದಿಟ್ಟಿದ್ದಕ್ಕ ಇವತ್ತ ನೀ ಈ ನಕ್ಷೆ ತಗಿಯಾಕತ್ತೀದಿ."

"ಖರೇ ಐತ್ರಿ. ರಸ್ತಾ ನೀವು ಮಾಡೀರಿ, ಇಲ್ಲ ಅನ್ನೂದಿಲ್ಲ. ಈಗ ಆ ರಸ್ತಾದ ಮ್ಯಾಲೆ ನಮ್ಮ ಗಾಡಿನೂ ಓಡಲಿ ಅಂತೀನಿ."

ಅವಧೂತರು ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಪ್ರಮಿಳಾಳ ಕಡೆ ತಿರುಗಿದರು. "ನೀ ಏನಂತೀ? ಅಳಿಯಾಕಿ ನೀನು."

ಪ್ರಮಿಳಾ ಆ ತೂತುಗಳ ಚಿತ್ರದಿಂದ ಕಣ್ಣು ಕಿತ್ತಿರಲಿಲ್ಲ. ಹದಿನಾಲ್ಕು ವರ್ಷ ಅದೊಂದೇ ಕವಾಟ ಅಳೆದವಳು. "ಮಾಡೂಣ್ರಿ" ಎಂದುಬಿಟ್ಟಳು.

ಮೊದಲ ತಟ್ಟೆ ಹನ್ನೆರಡು ದಿನಕ್ಕೆ ಮುಗಿಯಿತು. ಒಪ್ಪಿಗೆಯ ಮುದ್ರೆ ಒತ್ತುವ ಹೊಣೆ ಈ ಸಲ ಪ್ರಮಿಳಾಳದೇ. ಇನ್ನೂರಾ ಹದಿನಾರು ತೂತುಗಳನ್ನೂ ಅವಳು ಎರಡು ಸಲ ಅಳೆದಳು. ಎಲ್ಲವೂ ನಕ್ಷೆಯ ಒಳಗೇ ಇದ್ದವು. ಶುಭದಾ ಪುಣೆಯಿಂದ ಬಂದಳು. ತಟ್ಟೆಯನ್ನು ಪೈಪಿಗೆ ಕಟ್ಟಿ ನೀರು ಬಿಟ್ಟರು. ಜೋಡಿಜೋಡಿಯಾಗಿ ಚಿಮ್ಮಿದ ನೀರು ಬೀಸಣಿಗೆಯಂತೆ ಅರಳಿದಾಗ ಕೆಲಸಗಾರರೆಲ್ಲ ಯಂತ್ರ ಬಿಟ್ಟು ಬಂದು ನಿಂತರು.

ಪ್ರಮಿಳಾ ಮಾತ್ರ ಒಂದು ಕಡೆಗೆ ಬಗ್ಗಿ ನೋಡುತ್ತಿದ್ದಳು. ಹೊರಸಾಲಿನಲ್ಲಿ, ನೂರಾ ನಲವತ್ತರಿಂದ ನೂರಾ ನಲವತ್ತಾರರವರೆಗಿನ ತೂತುಗಳಲ್ಲಿ, ನೀರು ಬೀಸಣಿಗೆಯಾಗದೆ ಹರಿದ ಸೆರಗಿನಂತೆ ಚೆದುರುತ್ತಿತ್ತು.

"ಇದು ಬರೋಬ್ಬರಿ ಇಲ್ಲ."

"ಅಳತಿ ಸರಿ ಐತಿ ಅಂತ ನೀವಽ ಬರದೀರಲ್ಲ?" ಎಂದಳು ಶುಭದಾ.

"ಅಳತಿ ಸರಿ ಐತಿ. ನೀರು ಸರಿ ಇಲ್ಲ. ತೂತು ಹಿಂದಿನ ಕಾಲುವಿಗೆ ಕೂಡೋ ಜಾಗಾದಾಗ ಬರ್ ಇರಬೇಕು. ನನ್ನ ಬೆರಳು ಅಲ್ಲೀತನಕ ಹೋಗೂದಿಲ್ಲ."

ಶುಭದಾ ವಾಚು ನೋಡಿಕೊಂಡಳು. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. "ಪ್ರಮಿಳಕ್ಕಾ, ಇದನ್ನ ಹಂಗಽ ಕೊಡ್ರಿ. ಸುಟ್ಟರ ಸುಡ್ಲಿ. ಸುಟ್ಟಿದ್ದರಿಂದಾನೂ ನಾವು ಕಲೀತೀವಿ."

"ನಾ ಮುದ್ರಿ ಒತ್ತಂಗಿಲ್ಲ."

"ಸರಿಯಾಗಿ ಹೇಳಿದಿ" ಎಂದು ಗುರುಪುತ್ರಪ್ಪ ಎದ್ದೇ ಬಿಟ್ಟರು. "ತಿರಸ್ಕಾರ ಅಂತ ಬರಿ. ಸಮಿತಿ ಕೂಡ್ಲಿ, ಕಾರಣ ಹುಡುಕ್ಲಿ. ಎಷ್ಟು ತಿಂಗಳಾದರೂ ಆಗ್ಲಿ." ಅವರು ಸುತ್ತಿಗೆ ಎಲ್ಲಿದೆ ಎಂದು ಕೂಡ ಕೇಳಿದರು.

ಶುಭದಾ ತಟ್ಟೆಯನ್ನು ಎದೆಗವಚಿಕೊಂಡಳು. "ಜಜ್ಜಬ್ಯಾಡ್ರಿ! ಮುದ್ರಿ ಇಲ್ಲದಽ ಒಯ್ತೀನಿ. ಬೇಕಾದ್ರ ಎಲ್ಲಿ ಕೆಟ್ಟೈತಿ ಅಂತ ಅದರ ಮ್ಯಾಲೆ ಬರದ ಕೊಡ್ರಿ."

ಪ್ರಮಿಳಾ ಕೆಂಪು ಬಣ್ಣದಿಂದ ಆ ಏಳು ತೂತುಗಳ ಸುತ್ತ ಗೆರೆ ಎಳೆದಳು. "ಒಪ್ಪಿಲ್ಲ" ಎಂದು ಚೀಟಿ ಬರೆದು, ಕಾರಣ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ತಂತಿಯಿಂದ ತಟ್ಟೆಗೆ ಕಟ್ಟಿದಳು. ಉಳಿದ ಏಳು ತಟ್ಟೆಗಳನ್ನು ಬರ್ ಏಳದಂತೆ ಹೇಗೆ ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಖಾನಾಪುರದ ಪೇಟೆಯಲ್ಲಿ ಅವಳು ಅಕ್ಕಸಾಲಿಗರ ಅಂಗಡಿಯಲ್ಲಿ ಕೂತಿದ್ದಳು. ಮಂಗಳಸೂತ್ರದ ಒಂದು ಚಿನ್ನದ ಗುಂಡು ನುಗ್ಗಾಗಿತ್ತು. ಅಕ್ಕಸಾಲಿಗ ಮಾಯಪ್ಪ ಗುಂಡನ್ನು ಕೈಯಲ್ಲಿ ಹಿಡಿದು, "ಒಳಗಿನ ಅರಗು ಉದುರೇತಿ ನೋಡ್ರಿ, ಅದಕ್ಕ ನುಗ್ಗೇತಿ" ಎಂದ. ಅರಗನ್ನು ಕೆಂಡಕ್ಕೆ ಹಿಡಿದು ಕರಗಿಸಿ, ಟೊಳ್ಳು ಗುಂಡಿನೊಳಗೆ ತುಂಬಿದ. ಆರಿದ ಮೇಲೆ ಅದರ ಮೇಲೆ ಉಳಿಯಿಂದ ಗೆರೆ ಕೊರೆದ. ಒಳಗೆ ಅರಗಿನ ಆಸರೆ ಇದ್ದುದರಿಂದ ತೆಳು ಚಿನ್ನ ಬಾಗಲಿಲ್ಲ, ಅಂಚು ಹರಿಯಲಿಲ್ಲ.

ಪ್ರಮಿಳಾ ಎದ್ದು ನಿಂತಳು. "ಮಾಯಪ್ಪಣ್ಣ, ಈ ಅರಗು ಆಮ್ಯಾಲ ತಗೀಬೇಕಂದ್ರ ಹೆಂಗ ತಗೀತಾರ?"

"ಸ್ಪಿರಿಟ್ಟಿನಾಗ ಇಡ್ರಿ, ಕರಗಿ ಹೋಗತೈತಿ. ಯಾಕ್ರಿ?"

ಅವಳು ಉತ್ತರ ಕೊಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಶುಭದಾಳಿಗೆ ಫೋನು ಮಾಡಿದಳು. ಮಾತುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. "ಮೊದಲಿಗೆ ತೂತು ಕೊರಿಯೂದು. ಆಮ್ಯಾಲ ಎಲ್ಲಾ ತೂತಿನಾಗ ಅರಗು ತುಂಬೂದು. ಆಮ್ಯಾಲ ಹಿಂದಿನ ಕಾಲುವಿ ಕಡಿಯೂದು. ತೂತಿನ ಅಂಚಿಗೆ ಒಳಗಿಂದ ಆಸರ ಇರತೈತಿ, ಮುಳ್ಳು ಏಳಾಕ ಜಾಗಾನಽ ಇರೂದಿಲ್ಲ!"

"ಹತ್ತು ನಿಮಿಷ ಕೊಡ್ರಿ" ಎಂದಳು ಶುಭದಾ. ತನ್ನ ಮೇಲಿನವರನ್ನು ಕೇಳಿ ಅವಳು ತಿರುಗಿ ಫೋನು ಮಾಡುವಾಗ ಪ್ರಮಿಳಾ ಇನ್ನೂ ಅದೇ ಮೆಟ್ಟಿಲ ಮೇಲೆ ಇದ್ದಳು. "ಮಾಡ್ರಿ ಅಂದ್ರು."

ಹತ್ತು ನಿಮಿಷ! ಗಾಜಿನೊಳಗಿನ ಆ ಪತ್ರಕ್ಕೆ ಮೂರು ವರ್ಷ ಕಾದವಳಿಗೆ ತಲೆ ಗಿರ್ ಎಂದಿತು.

ಸೋಮವಾರ ಅವಳು ಇದನ್ನು ಹೇಳಿದಾಗ ಗುರುಪುತ್ರಪ್ಪ ಮೆಚ್ಚಿದರು, ಆದರೆ ಮುಖ ಗಂಭೀರವಾಯಿತು. "ಉಪಾಯ ಭಾರೀ ಐತಿ. ಆದ್ರ ಪ್ರಮಿಳವ್ವ, ಆ ತೂತಿನಾಗ ಹರಿಯೂದು ಆಮ್ಲಜನಕ. ಸಾಸಿವಿ ಕಾಳಿನಷ್ಟ ಅರಗು ಉಳದ್ರೂ ಅಲ್ಲೇ ಢಂ ಅಂತೈತಿ. ಸ್ಪಿರಿಟ್ಟಿನಾಗ ಅದ್ದಿದೆ ಅಂದ್ರ ಮುಗೀಲಿಲ್ಲ. ಹೋಗೇತಿ ಅಂತ ಹೆಂಗ ಸಾಧಿಸಿ ತೋರಿಸ್ತೀ?"

ಅವಳಿಗೆ ಗೊತ್ತಿರಲಿಲ್ಲ. ಶುಭದಾಳಿಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗುರುಪುತ್ರಪ್ಪನವರಿಗೆ. ಮೂವತ್ತನಾಲ್ಕು ವರ್ಷ ಅವರು ಆಮ್ಲಜನಕದ ಕವಾಟಗಳನ್ನು ತೊಳೆಸಿದ್ದರು. ಬೈಯುತ್ತಲೇ ಕುರ್ಚಿ ಎಳೆದುಕೊಂಡು ಕೂತರು. ಎಷ್ಟು ಸಲ ಸ್ಪಿರಿಟ್ಟು, ಎಷ್ಟು ಬಿಸಿಯ ನೀರು, ಯಾವ ಗಾಳಿಯಿಂದ ಒಣಗಿಸುವುದು, ಯಾವ ಕೈಗವಸು ಎಂದು ಹನ್ನೊಂದು ಪುಟ ಕೈಯಲ್ಲೇ ಬರೆದರು. ಕೊನೆಗೆ ನೇರಳೆ ಬೆಳಕಿನ ದೀಪವೊಂದನ್ನು ತರಿಸಿದರು. ಅರಗು ತುಂಬಿ ಮಾಡಿದ ಎರಡನೆಯ ತಟ್ಟೆಯನ್ನು ತೊಳೆದು ಕತ್ತಲ ಪೆಟ್ಟಿಗೆಯಲ್ಲಿಟ್ಟು ಆ ದೀಪ ಹಚ್ಚಿದಾಗ ಹನ್ನೊಂದು ತೂತುಗಳ ತಳದಲ್ಲಿ ಕಿತ್ತಳೆ ಬಣ್ಣದ ಕಿಡಿಗಳು ಹೊಳೆದವು. ಅದು ಉಳಿದ ಅರಗು. ಇನ್ನೊಮ್ಮೆ ತೊಳೆದರು. ಎರಡು ಕಿಡಿ. ಮತ್ತೊಮ್ಮೆ ತೊಳೆದರು. ಪೆಟ್ಟಿಗೆಯೊಳಗೆ ಬರೀ ಕತ್ತಲು.

"ಹೂಂ, ಈಗ ಬರಿ" ಎಂದರು ಗುರುಪುತ್ರಪ್ಪ.

ನೀರಿನ ಪರೀಕ್ಷೆಯಲ್ಲಿ ಈ ಸಲ ನೂರಾ ಎಂಟು ಬೀಸಣಿಗೆಗಳೂ ಒಂದೇ ಸಮನೆ ಅರಳಿದವು. ಪ್ರಮಿಳಾ ಮುದ್ರೆ ಒತ್ತಿದಳು.

ಪರೀಕ್ಷೆ ಸೆಪ್ಟೆಂಬರಿನ ಕೊನೆಗೆ, ಸಾತಾರಾ ಕಡೆಯ ಒಂದು ಬೋಳುಗುಡ್ಡದ ಹಿಂದಿನ ಹಳೇ ಕಲ್ಲುಗಣಿಯಲ್ಲಿ. ಶುಭದಾ ಮೂವರನ್ನೂ ಕರೆದಿದ್ದಳು. ಅವಧೂತರ ಕಾರಿನಲ್ಲಿ ಬೆಳಿಗ್ಗೆ ಹೊರಟಾಗ ಗುರುಪುತ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ ಬಂದಿದ್ದರು. ನಿಪ್ಪಾಣಿ ದಾಟುವವರೆಗೆ ಸುಮ್ಮನಿದ್ದವರು ಆಮೇಲೆ ಹೇಳಿದರು. "ನಾ ಇಲ್ಲೀತನಕ ಇಂಜಿನ್ ಉರಿಯೂದು ಕಣ್ಣಾರೆ ನೋಡಿಲ್ಲ."

ಪ್ರಮಿಳಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು. "ಖರೇನಾ ಸರ್? ಮೂವತ್ತನಾಲ್ಕು ವರ್ಷದಾಗ?"

"ಅಳಿಯಾವ್ರದು ಬ್ಯಾರೆ ಊರು, ಉರಸಾವ್ರದು ಬ್ಯಾರೆ ಊರು. ನಮ್ಮನ್ನ ಯಾರು ಕರೀತಿದ್ರು? ಟಿವ್ಯಾಗ ನೋಡೀನಿ, ಎಲ್ಲಾರೂ ನೋಡಿದಂಗ."

ಗಣಿಯಲ್ಲಿ ಇಂಜಿನ್ನನ್ನು ದಪ್ಪ ಕಾಂಕ್ರೀಟಿನ ಗೋಡೆಗೆ ಅಡ್ಡವಾಗಿ ಬಿಗಿದಿದ್ದರು. ಮುನ್ನೂರು ಮೀಟರು ದೂರದಲ್ಲಿ ಮರಳಿನ ಚೀಲ ಪೇರಿಸಿದ ಕಂಟೇನರಿನೊಳಗೆ ಎಲ್ಲರೂ ಟಿವಿ ತೆರೆಗಳ ಮುಂದೆ ನಿಂತರು. ಪ್ರಮಿಳಾ ಮುದ್ರೆ ಒತ್ತಿದ ತಟ್ಟೆಗೆ ಮೊದಲ ಸರದಿ. ಹನ್ನೆರಡು ಸೆಕೆಂಡು ಉರಿಯಬೇಕಿತ್ತು.

ಎಣಿಕೆ ಶುರುವಾಯಿತು. ಮೂರಕ್ಕೆ ಬಂದು ನಿಂತೇ ಹೋಯಿತು. ಯಾವುದೋ ತಂತಿ ಸಡಿಲವಿತ್ತು. ಒಬ್ಬ ಇಂಜಿನಿಯರ್ ಓಡಿಹೋಗಿ ಬಿಗಿದು ಬಂದ. ಮತ್ತೆ ಹತ್ತರಿಂದ. ಗುರುಪುತ್ರಪ್ಪ ಕಿಟಕಿಯ ದಪ್ಪ ಗಾಜಿಗೆ ಹಣೆ ಒತ್ತಿದ್ದರು. ಸೊನ್ನೆ ಎಂದಾಗ ಏನೂ ಆಗಲಿಲ್ಲ ಅನಿಸಿತು, ಅಷ್ಟರಲ್ಲಿ ಬೆಳ್ಳಗಿನ ನಾಲಗೆಯೊಂದು ಕಲ್ಲುಗೋಡೆಯ ಕಡೆ ಚಾಚಿತು. ಸದ್ದು ಆಮೇಲೆ ಬಂತು. ಅದು ಕಿವಿಗಲ್ಲ, ನೇರ ಎದೆಗೆ ಬಂದು ಗುದ್ದಿತು. ಕಂಟೇನರಿನ ತಗಡು ಗಡಗಡ ನಡುಗಿತು. ಬೆಂಕಿಯೊಳಗೆ ಒಂದರ ಹಿಂದೊಂದು ಹೊಳೆಯುವ ಹರಳುಗಳಂಥ ಬೆಳಕಿನ ಸಾಲು ಅಲುಗದೆ ನಿಂತಿತ್ತು. ಏಳು, ಎಂಟು, ಒಂಬತ್ತು ಎಂದು ಯಾರೋ ಕೂಗುತ್ತಿದ್ದರು. ಪ್ರಮಿಳಾ ತಾನೂ ಕೂಗುತ್ತಿದ್ದಾಳೆಂಬುದು ಅವಳಿಗೆ ಗೊತ್ತಾದದ್ದು ಹನ್ನೆರಡಕ್ಕೆ ಬೆಂಕಿ ತಟ್ಟನೆ ಆರಿ, ತನ್ನ ದನಿಯೊಂದೇ ಉಳಿದಾಗ.

ಶುಭದಾ ಅವಳನ್ನು ಅಪ್ಪಿಕೊಂಡು ಕುಣಿದಳು. ಗುರುಪುತ್ರಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು.

ಊಟವಾದ ಮೇಲೆ ಶುಭದಾ ಇನ್ನೊಂದು ಪೆಟ್ಟಿಗೆ ತೆರೆದಳು. ಕೆಂಪು ಗೆರೆ ಎಳೆದ, ಚೀಟಿ ಕಟ್ಟಿದ ಆ ಮೊದಲ ತಟ್ಟೆ. "ಈಗ ಇದನ್ನ ಉರಸ್ತೀವ್ರಿ."

ಗುರುಪುತ್ರಪ್ಪನವರ ಸಂತೋಷವೆಲ್ಲ ಇಳಿದುಹೋಯಿತು. "ಕೆಟ್ಟದ್ದು ಅಂತ ಗೊತ್ತಿದ್ದೂ ಉರಸ್ತೀ? ಒಂದು ಇಂಜಿನ್ ಬೇಕಂತಽ ಹಾಳ ಮಾಡ್ತೀ?"

"ಅದು ಹಳೇ ಇಂಜಿನ್ ಐತ್ರಿ ಸರ್, ಹೆಂಗೂ ತಗದ ಒಗಿಯೂದು. ಇದು ಕೆಟ್ಟೈತಿ ಅಂತ ಪ್ರಮಿಳಕ್ಕ ಹೇಳ್ಯಾರ. ಖರೇ ಕೆಟ್ಟೈತೇನು, ಎಷ್ಟು ಕೆಟ್ಟೈತಿ, ನೋಡಬ್ಯಾಡೇನು?"

ಪ್ರಮಿಳಾಳ ಅಂಜಿಕೆ ಬೇರೆ. ಉರಿದು ಏನೂ ಆಗದಿದ್ದರೆ? ಏಳು ತೂತಿಗಾಗಿ ಎಲ್ಲರ ಮುಂದೆ ಹಟ ಹಿಡಿದದ್ದು ಬರೀ ಅನುಮಾನದ ಚಟ ಎಂದಾಗಿಬಿಟ್ಟರೆ? ಅವಳು ಕಿಟಕಿಯ ಹತ್ತಿರ ಹೋಗಲಿಲ್ಲ, ಟಿವಿ ತೆರೆಯ ಮುಂದೆಯೇ ಕೈಕಟ್ಟಿ ನಿಂತಳು.

ಈ ಸಲವೂ ಬೆಳ್ಳಗಿನ ನಾಲಗೆ ಬಂತು. ಒಂದು, ಎರಡು. ಬೆಂಕಿ ನೆಟ್ಟಗಿತ್ತು. ಮೂರನೆಯ ಸೆಕೆಂಡಿಗೆ ಅದರ ಒಂದು ಬದಿಯಲ್ಲಿ ಹಸಿರು ಎಳೆಯೊಂದು ಕಾಣಿಸಿತು. "ತಾಮ್ರ ಉರೀತು!" ಎಂದು ಶುಭದಾ ಕಿರುಚಿದಳು. ನಾಲ್ಕಕ್ಕೆ ಇಂಜಿನ್ನಿನ ಪಕ್ಕದಿಂದ ಬೆಂಕಿ ಹೊರಕ್ಕೆ ಹಾರಿತು. ಯಂತ್ರ ತಾನಾಗಿ ನಿಂತಿತು. ಗಣಿಯ ತುಂಬ ಹೊಗೆ.

ಹೊಗೆ ತಿಳಿಯಾಗಿ, ಒಳಗೆ ಹೋಗಬಹುದೆಂದು ಹೇಳುವವರೆಗೆ ಒಂದು ತಾಸು ಹಿಡಿಯಿತು. ಇಂಜಿನ್ನಿನ ತಾಮ್ರದ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು. ಶುಭದಾ ತಟ್ಟೆಯನ್ನು ಬಿಚ್ಚಿ ತಿರುಗಿಸಿದಳು. ಕೆಂಪು ಬಣ್ಣ ಸುಟ್ಟು ಕರಕಲಾಗಿದ್ದರೂ ಗೆರೆಯ ಗುರುತು ಉಳಿದಿತ್ತು. ಗೋಡೆಯ ತೂತು ಸರಿಯಾಗಿ ಆ ಗೆರೆಯ ಎದುರಿಗೇ ಇತ್ತು.

ಪ್ರಮಿಳಾ ಬಗ್ಗಿ ಆ ತೂತಿನೊಳಗೆ ಬೆರಳು ಹಾಕಿ ನೋಡಿದಳು. ಇನ್ನೂ ಬೆಚ್ಚಗಿತ್ತು.

ಗುರುಪುತ್ರಪ್ಪ ಹತ್ತಿರದ ಕಲ್ಲಿನ ಮೇಲೆ ಕೂತುಬಿಟ್ಟರು. "ಮೂವತ್ತನಾಲ್ಕು ವರ್ಷ ಸುತ್ತಿಗಿಲೆ ಜಜ್ಜಿ ಜಜ್ಜಿ ಒಗದೀನಿ ಪ್ರಮಿಳವ್ವ. ಅದರಾಗ ಯಾವದು ಖರೇನ ಕೆಟ್ಟಿತ್ತು, ಯಾವದು ಸುಮ್ನ ನನ್ನ ಅಂಜಿಕಿ, ಇವತ್ತಿಗೂ ನನಗ ಗೊತ್ತಿಲ್ಲ. ನಿನಗ ಒಂದಽ ಮಧ್ಯಾಹ್ನದಾಗ ಗೊತ್ತಾತು ನೋಡು." ಅವರ ದನಿಯಲ್ಲಿ ದುಃಖವಿರಲಿಲ್ಲ. ಮುಖ ಮೊದಲ ಸಲ ಪಟಾಕಿ ಹಚ್ಚಿದ ಮಗುವಿನದಾಗಿತ್ತು.

ಶುಭದಾ ತಲೆ ತಗ್ಗಿಸಿದ್ದಳು. "ಆ ಚೀಟಿ ಇರಲಿಲ್ಲ ಅಂದ್ರ ನಾವು ಕಾರಣಾ ಹುಡುಕಾಕ ಎರಡು ತಿಂಗಳು ತಿರಗತಿದ್ವಿ. ಪಂಪಿನಾಗ ಹುಡುಕತಿದ್ವಿ, ಪೈಪಿನಾಗ ಹುಡುಕತಿದ್ವಿ. ನಾ ಅವತ್ತ ಅದನ್ನ ಹಂಗಽ ಕೊಡ್ರಿ ಅಂತ ಕೇಳಿದ್ನಲ್ಲ."

"ಕೇಳಿದಿ, ನಾ ಹಂಗಽ ಕೊಡಲಿಲ್ಲ" ಎಂದಳು ಪ್ರಮಿಳಾ. ಅಂದು ಮೊದಲ ಸಲ ಅವಳು ಶುಭದಾಳನ್ನು ಮೇಡಂ ಎನ್ನದೆ ಏಕವಚನದಲ್ಲಿ ಮಾತಾಡಿಸಿದ್ದಳು. ಇಬ್ಬರೂ ನಕ್ಕರು.

ಹಿಂತಿರುಗುವಾಗ ಶುಭದಾ ಟಿಳಕವಾಡಿಯ ಮನೆಗೆಂದು ಅವರ ಕಾರಿನಲ್ಲೇ ಬಂದಳು. ದಾರಿಯುದ್ದಕ್ಕೂ ಒಂದೇ ವಾದ. ಮುಂದೆ ಚಂದ್ರನ ಮೇಲೆ ಯಾರು ಇಳಿಯಬೇಕು, ಸರ್ಕಾರವೋ ಕಂಪನಿಯೋ? "ಚಂದ್ರನ ಮ್ಯಾಲೆ ಸರ್ಕಾರ ಹೋಗ್ಲಿ. ಅಲ್ಲೀತನಕ ಸಾಮಾನು ಒಯ್ಯಾಕ ಟೆಂಪೋ ನಾವು ಓಡಸೂಣು" ಎಂದರು ಅವಧೂತ. ಶುಭದಾ ಒಪ್ಪಲಿಲ್ಲ. ಟೆಂಪೋ ಓಡಿಸುವವನಿಗೂ ಚಂದ್ರನ ಮೇಲೆ ಇಳಿಯುವ ಆಸೆ ಇರುತ್ತದೆ ಎಂದಳು. ಲಾಭ ಕಾಣದ ಕಡೆ, ಶನಿಗ್ರಹದಾಚೆಗೆ, ಯಾವ ಕಂಪನಿ ಹೋದೀತು ಎಂದು ಗುರುಪುತ್ರಪ್ಪ ಕೇಳಿದರು.

ಪ್ರಮಿಳಾ ಕೊಲ್ಹಾಪುರ ದಾಟಿದ ಮೇಲೆ ಬಾಯಿ ತೆರೆದಳು. "ನನಗೊಂದು ಹೇಳ್ರಿ. ಸರ್ಕಾರ ಮುಚ್ಚೂದಿಲ್ಲ. ಕಂಪನಿ ನಾಳೆ ಮುಚ್ಚಿತಂದ್ರ ನಾ ಬರದ ಕಾಗದ ಯಾರ ಕಡೆ ಇರತಾವು? ಇನ್ನೊಬ್ರು ಮತ್ತ ಮೊದಲಿಂದ ಸುಟ್ಟು ಕಲೀಬೇಕೇನು?"

ಗುರುಪುತ್ರಪ್ಪ ಗೆದ್ದವರಂತೆ ನಗಲಿಲ್ಲ. ತಮ್ಮ ಕೇಂದ್ರದಲ್ಲಿ ಕಾಗದ ಇದ್ದರೂ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆಯೆಂದು ಗೊತ್ತಿರುವುದಿಲ್ಲ ಎಂದು ಅವರೇ ಒಪ್ಪಿಕೊಂಡರು. ಆ ಪ್ರಶ್ನೆ ಅವರ ಜೊತೆ ಬೆಳಗಾವಿಯವರೆಗೂ ಬಂತು.

ಇಂಜಿನ್ನನ್ನು ನಿಜವಾಗಿ ಹಾರುವಾಗ ಬೇಕಾದಷ್ಟು ಹೊತ್ತು, ಅಂದರೆ ನೂರೈವತ್ತು ಸೆಕೆಂಡು, ಉರಿಸಿ ನೋಡುವ ಜಾಗ ಗಗನವೇಧದ ಹತ್ತಿರ ಇರಲಿಲ್ಲ. ಅಂಥದ್ದು ಇದ್ದದ್ದು ದಕ್ಷಿಣದ ಒಂದು ಸರ್ಕಾರಿ ಕೇಂದ್ರದಲ್ಲಿ. ಕಂಪನಿ ಅಲ್ಲಿ ಅನುಮತಿ ಕೇಳಿತು. ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಳತೆಯ ಕೋಣೆಗೆ ಫೋನು ಬಂತು. ಆ ಕೇಂದ್ರದ ತಪಾಸಣಾಧಿಕಾರಿ ಅವಧೂತರನ್ನು ಕೇಳಲಿಲ್ಲ, ಶುಭದಾಳನ್ನೂ ಕೇಳಲಿಲ್ಲ.

"ಪ್ರಮಿಳಾ ಅನ್ನೋರು ಯಾರು? ಐದನೇ ತಟ್ಟೆ, ಎಂಬತ್ತೊಂದನೇ ತೂತಿನ ಮುಂದೆ 'ಅನುಮಾನ, ಮತ್ತೆ ತೊಳೆದೆ' ಅಂತ ಬರೆದಿದ್ದೀರಿ. ಏನು ಅನುಮಾನ?"

ಅವಳು ಮುಕ್ಕಾಲು ತಾಸು ಮಾತಾಡಿದಳು. ದೀಪದ ಬೆಳಕು, ಕಿತ್ತಳೆ ಕಿಡಿ, ಮೂರನೆಯ ತೊಳೆತ, ಎಲ್ಲ. ಕೊನೆಗೆ ಆ ಅಧಿಕಾರಿ ಕೇಳಿದರು. "ಈ ಅರಗಿನ ಪದ್ಧತಿ ನಾವೂ ಮಾಡಿ ನೋಡಬಹುದಾ? ನಿಮ್ಮ ಹೆಸರು ಹಾಕಿ."

ಅನುಮತಿ ಸಿಕ್ಕು ಐದನೆಯ ತಟ್ಟೆ ಆ ಕೇಂದ್ರದಲ್ಲಿ ಉರಿಯುವ ದಿನ ಅವಳು ರಜೆಯಲ್ಲಿದ್ದಳು. ಗುಂಜಿಯಲ್ಲಿ ತಮ್ಮ ಬಾಳೇಶನ ಮಗಳ ತೊಟ್ಟಿಲ ಕಾರ್ಯ. ಹನ್ನೊಂದು ಗಂಟೆಗೆ ಖಾನಾಪುರ ಸ್ಟೇಷನ್ನಿನಲ್ಲಿ, ಹೂವಿನ ಪೊಟ್ಟಣ, ಬಾಳೆಹಣ್ಣು, ಕೂಸಿನ ಅಂಗಿಗಳ ಚೀಲ ಹಿಡಿದು ಪ್ಯಾಸೆಂಜರ್ ರೈಲಿಗೆ ಕಾಯುತ್ತಿದ್ದಳು. ಸಂಜಯ ಟಿಕೆಟ್ ತರಲು ಹೋಗಿದ್ದ. ಪಕ್ಕದ ಕಲ್ಲುಬೆಂಚಿನ ಮೇಲೆ ಕರಿಬೇವು, ಕೊತ್ತಂಬರಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸಾವಂತ್ರವ್ವ ಅವಳ ಓಣಿಯವಳೇ.

ಫೋನಿನಲ್ಲಿ ಶುಭದಾಳ ದನಿ ಅಳುತ್ತಿದೆಯೋ ನಗುತ್ತಿದೆಯೋ ತಿಳಿಯಲಿಲ್ಲ. "ಪ್ರಮಿಳಕ್ಕಾ! ನೂರೈವತ್ತು! ಪೂರಾ ನೂರೈವತ್ತು! ತಟ್ಟಿ ಹೊಸಾದರಂಗ ಹೊರಗ ಬಂದೈತಿ! ಸರ್ಕಾರದವ್ರು ಎದ್ದ ನಿಂತು ಚಪ್ಪಾಳಿ ಹೊಡದ್ರು!"

ಪ್ರಮಿಳಾ ಚೀಲ ಕೈಬಿಟ್ಟಳು. ಪ್ಲಾಟ್‌ಫಾರ್ಮಿನ ಮೇಲೆ ಎರಡು ಸುತ್ತು ತಿರುಗಿದಳು. ಉರುಳಿದ ಬಾಳೆಹಣ್ಣುಗಳನ್ನು ಆಯ್ದುಕೊಡುತ್ತ ಸಾವಂತ್ರವ್ವ ಕೇಳಿದಳು. "ಏನಾತಬೇ? ಯಾರರೆ ಪಾಸಾದ್ರೇನು?"

"ನಾ ಅಳತಿ ಮಾಡಿದ ರಾಕೆಟ್ಟಿನ ಇಂಜಿನ್ ಉರೀತು ಅತ್ತಿ! ನೂರೈವತ್ತು ಸೆಕೆಂಡು!"

"ಹೌದಾ? ಮ್ಯಾಲೆ ಹೋತು?"

"ಇಲ್ಲ. ಇನ್ನೂ ಗ್ವಾಡಿಗೆ ಕಟ್ಯಾರ."

"ಮ್ಯಾಲಽ ಹೋಗಿಲ್ಲ ಅಂದ್ರ ಮತ್ಯಾಕ ಹಿಂಗ ಕುಣೀತೀ?"

ಪ್ರಮಿಳಾ ಅವಳ ಪಕ್ಕದಲ್ಲಿ ಕೂತು ಹೇಳತೊಡಗಿದಳು. ದೇಸೂರಿನ ಕಡೆಯಿಂದ ರೈಲಿನ ಸಿಳ್ಳು ಕೇಳಿಸಿತು. ಸಂಜಯ ಟಿಕೆಟ್ ಹಿಡಿದು ಬಂದ. ಬುಟ್ಟಿ, ಚೀಲ ಎಲ್ಲ ಎತ್ತಿಕೊಂಡು ಮೂವರೂ ಹತ್ತಿ ಕೂತರು. ರೈಲು ಕಾಡು ಹೊಕ್ಕರೂ ಅವಳ ಮಾತು ಇನ್ನೂ ಎಂಬತ್ತೊಂದನೆಯ ತೂತಿನಲ್ಲೇ ಇತ್ತು. ಸುತ್ತಲಿನ ಸೀಟಿನವರೂ ಕಿವಿಗೊಟ್ಟು ಹತ್ತಿರ ಸರಿದಿದ್ದರು.